ಸೊಲ್ಲಿಗೊಂದು ಹೂಂ

ರಾಮನಗರ
9 ಜೂನ್ 2024

ಅಕ್ಕಯ್ಯ,

ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ಕ್ಷೇಮವಿಲ್ಲ ಎಂದು ಬರೆದರೆ ಮೊದಲನೇ ಬಸ್ಸಿಗೇ ಹೊರಟು ಬರುತ್ತೀಯ. ಹಾಗಾಗಿ ಆ ಸಾಲನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ನಿಮ್ಮ ದೊಡ್ಡಆಲಹಳ್ಳಿಯ ರೈತನೊಬ್ಬ ಮೊನ್ನೆ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಿ, "ಅಲ್ಲ ಬಾಲಣ್ಣೋ, ಅಂಗೈಯಾಗೆ ಫೋನ್ ಮಡಿಕ್ಕಂಡು ಅಕ್ಕ ತಮ್ಮ ಇನ್ನೂ ಕಾಗ್ದ ಬರ್ಕತೀರಲ್ಲ, ನಿಮ್ಗೇನು ಬಂದೈತೆ?" ಎಂದ. ನಕ್ಕು ಮುಂದಕ್ಕೆ ಹೋದೆ. ನೀನು ಫೋನಿನಲ್ಲಿ ಮಾತು ಮಾತಿಗೂ ಹೂಂ ಅನ್ನುವವಳು, ನಾನು ಬಾಯಿಗೆ ಬಂದದ್ದನ್ನು ಆಡುವವನು. ನಾವಿಬ್ಬರೂ ಫೋನ್ ಹಿಡಿದರೆ ಏನಾಗುತ್ತದೆಂದು ನಿಮ್ಮ ಊರಿಗೇ ಗೊತ್ತು, ಕಾರಣ ಮಾತ್ರ ಗೊತ್ತಿಲ್ಲ. "ನಿಮ್ಮೂರ ಮ್ಯಾಲಿಂದ ಮೋಡ ಕದಲ್ದೇ ಇರ್ಲಿ" ಎಂದು ನಾನೊಮ್ಮೆ ಫೋನಿನಲ್ಲಿ ಹಾರೈಸಿದೆ. ನೀನು ಒಲೆಯ ಕಡೆ ನೋಡುತ್ತಾ ಹೂಂ ಎಂದೆ. ಆಮೇಲೆ ಒಂದೇ ಒಂದು ಮೋಡ, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ, ವಾರವಿಡೀ ನಿಮ್ಮ ಊರಿನ ಮೇಲೆಯೇ ನಿಂತು ಸುರಿಯಿತು. ಹುಳುವಿಗೆ ಹಾಕಲು ನೀರಾರಿದ ಹಿಪ್ಪುನೇರಳೆ ಸೊಪ್ಪು ಒಂದು ಹಿಡಿ ಸಿಗದೆ ಜನ ಆಕಾಶಕ್ಕೆ ಬಯ್ದರು. ಕೊನೆಗೆ ನಾನೇ ಬಸ್ಸಿನಲ್ಲಿ ಬಂದು ಇನ್ನೊಂದು ಸೊಲ್ಲು ಹೇಳಿ ಮೋಡವನ್ನು ಬಿಚ್ಚಬೇಕಾಯಿತು. ಅಂದಿನಿಂದ ನಮಗೆ ಕಾಗದವೇ ಗತಿ. ಬರೆದದ್ದು ಕೂರುವುದಿಲ್ಲ, ಆಡಿದ್ದು ಮಾತ್ರ ಕೂರುತ್ತದೆ.

ಕಳೆದ ವಾರ ಮಾಗಡಿಯಿಂದ ಸುಚಿತ್ರಾ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಿದ್ದಳು, ಯೂಟ್ಯೂಬಿಗಂತೆ. "ರೇಷ್ಮೆ ಹುಳುಗೆ ಮಾತು ಹೇಳ್ತೀರಂತೆ, ಟ್ರಿಕ್ ಏನು ಸಾರ್?" ಎಂದಳು. ಟ್ರಿಕ್ಕಂತೆ! ಅವಳಿಗೆ ಹೇಳಿದೆ: ನೋಡಮ್ಮ, ಇದನ್ನು ಸೊಲ್ಲು ಅನ್ನುತ್ತಾರೆ. ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಹೇಳಬೇಕು. ಹೇಳಿದ ದನಿ ಗಾಳಿಯಲ್ಲಿ ಆರುವುದರೊಳಗೆ ಎದುರಿಗಿದ್ದವರು ಮನಸ್ಸಿಟ್ಟೋ ಮೈಮರೆತೋ ಹೂಂ ಅನ್ನಬೇಕು. ಆಗ ಸೊಲ್ಲು ಕೂತಿತು ಎಂದು ಅರ್ಥ. ಗೂಡು ಕಟ್ಟುವಷ್ಟು ಹಣ್ಣಾದ ಹುಳು, ಗೂಡಿಗೆಂದು ಇಟ್ಟ ಬಿದಿರಿನ ಚಂದ್ರಿಕೆ ಹತ್ತದೆ ಮುನಿದಿದ್ದರೆ ನಾನು "ಹತ್ರಪ್ಪಾ" ಅನ್ನುತ್ತೇನೆ, ಆ ಮನೆಯಾಕೆ ಹೂಂ ಅನ್ನುತ್ತಾಳೆ, ಹುಳು ಹತ್ತುತ್ತವೆ, ಗೂಡು ಕಟ್ಟುತ್ತವೆ. ಅಷ್ಟೇ ನನ್ನ ಕಸುಬು.

ಅವಳು ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ ಯಾರದೋ ಹುಳುಮನೆಯಲ್ಲಿ ಹಾಕಿದಳಂತೆ. ಹುಳುಗಳು ತಲೆಯೆತ್ತಿಯೂ ನೋಡಲಿಲ್ಲವಂತೆ. ವಾಪಸ್ಸು ಬಂದವಳಿಗೆ ಹೇಳಿದೆ: ಹಿಡಿದಿಟ್ಟ ದನಿಗೆ ಗಂಟಲೆಲ್ಲಿದೆ? ಗಂಟಲಿರುವ ತನಕ ಸೊಲ್ಲು. ಗಂಟಲು ಹೋದರೆ ಕೂತದ್ದೆಲ್ಲ ಬಿಚ್ಚಿಕೊಳ್ಳುತ್ತದೆ. "ಅದ್ಹೇಗೆ ಗೊತ್ತು ಸಾರ್?" ಎಂದು ಕೇಳಿದಳು. ಗೂಡಿನ ರೇಟು ಹೇಳಿ ಕಳಿಸಿದೆ.

ನಿನಗೆ ನೆನಪಿದೆಯಲ್ಲ. ಅಪ್ಪ ಹೋದದ್ದು ಬೆಳಿಗ್ಗೆ. ಹೊತ್ತು ಬೆಟ್ಟದ ಹಿಂದಕ್ಕೆ ಸರಿಯುವಾಗ ನಾನು ಅಂಗಳದಲ್ಲಿ ನಿಂತಿದ್ದೆ. ನಮ್ಮಪ್ಪ ಸಿದ್ದಯ್ಯನ ಸೊಲ್ಲು ಅಂದರೆ ಸುತ್ತಲ ಊರಿಗೇ ಹೆಸರು. ಆ ಸಂಜೆ ಅದು ಎಳೆ ಎಳೆಯಾಗಿ ಬಿಚ್ಚಿತು. "ಇಲ್ಲೇ ಇರಿ" ಎಂದು ಅಪ್ಪ ಹೇಳಿದ್ದ ಜೇನು ಸೂರಿನಿಂದ ಎದ್ದು ಒಂದು ಕಂದು ಶಾಲಿನ ಹಾಗೆ ಮನೆಯ ಮೇಲೆ ತೇಲಿಹೋಯಿತು. "ಅಲ್ಲೇ ನಿಲ್ಲು" ಎಂದು ಅಪ್ಪ ತಡೆದಿದ್ದ ಹಿತ್ತಿಲ ಬಂಡೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರಂತೆ ಹೊರಳಿ ಬೇಲಿಗೆ ಒರಗಿತು. ಬಾವಿಯ ನೀರು ನಿಟ್ಟುಸಿರು ಬಿಟ್ಟು ಕೆಳಕ್ಕೆ ಇಳಿಯಿತು. ಯಾವುದೂ ಸದ್ದು ಮಾಡಲಿಲ್ಲ. ಎಲ್ಲವೂ ಬೀಳ್ಕೊಂಡು ಹೋದ ಹಾಗಿತ್ತು.

ಇರಲಿ. ಈ ಸಲದ ಹುಳುವಿನ ಬೆಳೆಗೆ ನಾನು ನಿಮ್ಮ ಮನೆಗೆ ಬರಲಾಗುವುದಿಲ್ಲ. ಗಂಟಲು ಕಟ್ಟಿದೆ, ಮಾರುಕಟ್ಟೆಯ ಧೂಳು. ಬೇರೆ ಯಾರನ್ನಾದರೂ ಕರೆಸಿಕೊ.

ನಿನ್ನ ಮಗಳು ದಿವ್ಯಾ ಹೇಗಿದ್ದಾಳೆ? ಉಸಿರು ಸರಾಗವಾಗಿದೆಯೇ? ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆಯೇ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ
ಬಾಲರಾಜು

*

ದೊಡ್ಡಆಲಹಳ್ಳಿ
20 ಜೂನ್ 2024

ಬಾಲು,

ನಿನ್ನ ಕಾಗದ ಬಂದ ದಿನವೇ ಹುಳು ಹಣ್ಣಾದವು. ನೀನು ಬರುವುದಿಲ್ಲ ಎಂದು ಅವಕ್ಕೆ ಯಾರು ಹೇಳಿದರೋ, ಅರ್ಧ ಚಂದ್ರಿಕೆ ಹತ್ತಿದವು, ಇನ್ನರ್ಧ ತಟ್ಟೆಯ ಅಂಚಿನಲ್ಲಿ, ಗೋಡೆಯ ಮೂಲೆಯಲ್ಲಿ, ನಿಮ್ಮ ಭಾವನ ಟವೆಲ್ಲಿನ ಮೇಲೆ ಗೂಡು ಕಟ್ಟಿದವು. "ನಿನ್ ತಮ್ಮ ದೊಡ್ಡ ಮನ್ಸ ಆಗ್ಬುಟ್ಟ ಕಣೆ, ಅಕ್ಕನ್ ಮನೆ ಹುಳ ಅವ್ನ ಕಣ್ಗೆ ಕಾಣಕ್ಕಿಲ್ಲ" ಎಂದರು ನಿಮ್ಮ ಭಾವ. ನಾನು ನಿನ್ನ ಪರ ವಾದ ಮಾಡಿದೆ. ಆದರೆ ವಾದ ಮಾಡುತ್ತಿರುವಾಗಲೇ ನನ್ನೊಳಗೆ ಅವರ ಮಾತೇ ಸರಿ ಎನ್ನಿಸುತ್ತಿತ್ತು.

ಬೇರೆ ಯಾರನ್ನಾದರೂ ಕರೆಸಿಕೊ ಎಂದು ಬರೆದಿದ್ದೀಯ. ತಮ್ಮನನ್ನು ಬೇರೆ ಎಲ್ಲಿ ಹುಡುಕಲಿ?

ಮಾರುಕಟ್ಟೆಗೆ ಹೋಗಿ ಬಂದವರೆಲ್ಲ ಒಂದೇ ಹೇಳುತ್ತಾರೆ: ಬಾಲರಾಜು ಈಗ ಮಾತಾಡುವುದಿಲ್ಲ, ಕೈಯಲ್ಲೇ ಸನ್ನೆ ಮಾಡಿ ಮುಗಿಸುತ್ತಾನೆ. ಧೂಳಿಗೆ ಕಟ್ಟಿದ ಗಂಟಲು ತಿಂಗಳುಗಟ್ಟಲೆ ಕಟ್ಟಿರುತ್ತದೆಯೇ? ಮನಸ್ಸಿಗೆ ಏನಾದರೂ ಬೇಜಾರಾಗಿದ್ದರೆ ಬರಿ. ಯುಗಾದಿಗೆ ಬಂದಾಗ ಒಬ್ಬಟ್ಟು ಒಸಿ ಸೀದಿತ್ತು, ಅದಕ್ಕೇ ಇಷ್ಟು ಮುನಿಸೇ?

ದಿವ್ಯಾ ಉಸಿರಿಗೆ ಏನು ರೋಗ? ದಿನಾ ಹಾರೋಹಳ್ಳಿಯ ಫ್ಯಾಕ್ಟರಿಗೆ ವ್ಯಾನಿನಲ್ಲಿ ಹೋಗುತ್ತಾಳೆ, ಮೂರನೇ ಮಹಡಿಗೆ ಓಡಿಕೊಂಡೇ ಹತ್ತುತ್ತಾಳಂತೆ. ನಿನ್ನ ಕಾಗದ ಅವಳಿಗೂ ಓದಿ ಹೇಳಿದೆ. "ಮಾವಂಗೆ ನನ್ ಉಸ್ರಿನ್ ಮೇಲೆ ಯಾಕವ್ವ ಕಣ್ಣು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿನ್ನ ಅಕ್ಕ
ಸರಸಮ್ಮ

*

ರಾಮನಗರ
2 ಜುಲೈ 2024

ಅಕ್ಕಯ್ಯ,

ಒಬ್ಬಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಸೀದ ಭಾಗವೇ ರುಚಿಯಾಗಿತ್ತು.

ಒಂದು ವ್ಯವಹಾರದ ಮೇಲೆ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ಅವರು ಒಂದು ಸಾಮಾನು ಕೊಟ್ಟುಬಿಡು ಅನ್ನುತ್ತಾರೆ, ನಾನು ಕೊಡಲಾಗುವುದಿಲ್ಲ ಅನ್ನುತ್ತೇನೆ. ಚೌಕಾಸಿಯಲ್ಲಿ ನಾನು ಸೋತದ್ದುಂಟೇ?

ಮಧ್ಯಾಹ್ನ ಊಟವಾದ ಮೇಲೆ ತಾಹೇರಾಳ ನೂಲು ಬಿಚ್ಚುವ ಘಟಕದಲ್ಲಿ ಹೋಗಿ ಕೂರುತ್ತೇನೆ. ಅವಳು ಗೊತ್ತಲ್ಲ, ನನ್ನ ಜೊತೆಯಲ್ಲೇ ಮಾರುಕಟ್ಟೆಗೆ ಕಾಲಿಟ್ಟವಳು, ಈಗ ಎಂಟು ಜನಕ್ಕೆ ಕೆಲಸ ಕೊಟ್ಟಿದ್ದಾಳೆ. ಆವಿಯಲ್ಲಿ ಕಣ್ಣು ಎಳೆಯುತ್ತದೆ. ನಿನ್ನೆ ಅಲ್ಲೇ ಒಂದು ಕನಸು ಬಿತ್ತು. ಬಿಸಿನೀರಿನ ಬಾಣಲೆಯಲ್ಲಿ ನನ್ನ ಗಂಟಲು ಒಂದು ಗೂಡಾಗಿ ತೇಲುತ್ತಿದೆ. ಯಾರೋ ಎಳೆಯ ತುದಿ ಹುಡುಕಿ ಹಿಡಿದು ಸುತ್ತುತ್ತಿದ್ದಾರೆ. ನಾನು ಹುಟ್ಟಿದಾಗಿನಿಂದ ಆಡಿದ ಮಾತೆಲ್ಲ ಹಳದಿ ಹಳದಿಯಾಗಿ ಬಿಚ್ಚಿ ಬರುತ್ತಿದೆ, ಎಷ್ಟು ಸುತ್ತಿದರೂ ಮುಗಿಯುತ್ತಿಲ್ಲ. ಒಳಗೆ ಏನೋ ಸಣ್ಣದು ಮಲಗಿದೆ. ಎಳೆ ಮುಗಿದರೆ ಅದು ಕಾಣಿಸಿಬಿಡುತ್ತದಲ್ಲ ಎಂದು ಹೆದರಿ ಎಚ್ಚರವಾಯಿತು.

ಒಂದು ಕೆಲಸ ಮಾಡು. ಪ್ರತಿ ಶುಕ್ರವಾರ ಒಂದು ಕಾರ್ಡಿನಲ್ಲಿ "ದಿವ್ಯಾ ಚೆನ್ನಾಗಿದ್ದಾಳೆ" ಎಂದು ಮಾತ್ರ ಬರೆದು ಹಾಕು. ಬೇರೇನೂ ಬೇಡ. ಯಾಕೆ ಎಂದು ಕೇಳಬೇಡ.

ಬಾಲು

*

ದೊಡ್ಡಆಲಹಳ್ಳಿ
30 ಜುಲೈ 2024

ಬಾಲು,

ಕಾರ್ಡು ಹಾಕಲಿಲ್ಲ. ಕೋಪದಲ್ಲಿದ್ದೆ. ಈಗ ಅದಕ್ಕಿಂತ ದೊಡ್ಡ ಕೋಪದಲ್ಲಿದ್ದೇನೆ.

ತಾಹೇರಾ ಭಾನುವಾರ ದಿವ್ಯಾಳಿಗೆ ಫೋನ್ ಮಾಡಿದ್ದಳು. ಸ್ಪೀಕರಿಗೆ ಹಾಕಿಸಿ ನಾನೂ ಕೇಳಿದೆ. "ಸರಸಕ್ಕಾ, ನಿಮ್ ತಮ್ಮ ನನ್ ಹತ್ರ ಆಣೆ ಹಾಕ್ಸ್ಕೊಂಡಿದಾನೆ, ಹೇಳ್ಬೇಡ ಅಂತ. ಆಣೆ ಮುರಿದ್ರೆ ಅಲ್ಲಾ ನನ್ನ ಕೇಳ್ಕೋತಾನೆ, ಹೇಳ್ದೆ ಇದ್ರೆ ನೀವ್ ಕೇಳ್ತೀರ. ಅದ್ಕೇ ಹೇಳ್ತಾ ಇದೀನಿ. ಗಂಟ್ಲಲ್ಲಿ ಗಡ್ಡೆ. ಮಾತಿನ್ ಪೆಟ್ಗೆ ಪೂರಾ ತೆಗೀಬೇಕಂತೆ. ತೆಗೆದ್ರೆ ಬದುಕ್ತಾನೆ, ಇಲ್ಲಾಂದ್ರೆ ಬರೋ ವರ್ಷ ಇರಲ್ಲ ಅಂದ್ರು ಡಾಕ್ಟ್ರು, ನನ್ ಎದುರಿಗೇ. ಇವ್ನು ಏನಂದ ಗೊತ್ತಾ? ಬಿಲ್ಕುಲ್ ಆಗಲ್ಲ ಅಂದು ಎದ್ದು ಬಂದ."

ಧೂಳು. ವ್ಯವಹಾರ. ಚೌಕಾಸಿ. ಬಾಲು, ಇಷ್ಟು ಚೆನ್ನಾಗಿ ಸುಳ್ಳು ಬರೆಯಲು ಎಲ್ಲಿ ಕಲಿತೆ?

ನನಗೆ ತಿಳಿದದ್ದು ಇಷ್ಟು. ಮಾರುಕಟ್ಟೆಯಲ್ಲಿ ಗೂಡಿನ ಮೂಟೆ ಹೊರುತ್ತಿದ್ದವನು ಬಾಯಿಂದಲೇ ವ್ಯಾಪಾರಿಯಾಗಿ ಮನೆ ಕಟ್ಟಿದೆ. ಆ ಬಾಯಿ ಹೋದರೆ ಮಾರುಕಟ್ಟೆಯಲ್ಲಿ ಯಾರು ದಾರಿ ಬಿಡುತ್ತಾರೆ, ಯಾರು ಟೀ ತರಿಸುತ್ತಾರೆ ಎಂಬ ಜಂಭ ನಿನಗೆ. ದನಿಯಿಲ್ಲದ ತಮ್ಮ ನನಗೆ ಸಾಕು. ತಮ್ಮನಿಲ್ಲದ ದನಿ ತಗೊಂಡು ಏನು ಮಾಡಲಿ, ಅದು ಮೊಬೈಲಿನಲ್ಲಿ ಹಿಡಿದಿಟ್ಟರೂ ಕೂರುವುದಿಲ್ಲ ಎಂದು ನೀನೇ ಬರೆದಿದ್ದೀಯ.

ಬಸ್ಸಿಗೆ ಹೊರಟಿದ್ದೆ. ದಿವ್ಯಾ ತಡೆದಳು. "ನೀನ್ ಹೋದ್ರೆ ಮಾವ ಇನ್ನೊಂದು ಕಥೆ ಕಟ್ತದೆ. ಕಾಗ್ದದಾಗೆ ಕೇಳು, ಕೂತು ಯೋಚ್ನೆ ಮಾಡಿ ಬರೀಬೇಕಾಯ್ತದೆ" ಎಂದಳು. ಅದಕ್ಕೇ ಕೇಳುತ್ತಿದ್ದೇನೆ. ಯಾಕೆ ಒಲ್ಲೆ ಎಂದೆ? ಒಂದೇ ಕಾರಣ ಬರಿ, ನಿಜವಾದದ್ದು.

ಸರಸಮ್ಮ

*

ರಾಮನಗರ
4 ಆಗಸ್ಟ್ 2024

ಅಕ್ಕಯ್ಯ,

ಒಂದೇ ಕಾರಣ ಕೇಳಿದ್ದೀಯ. ದಿವ್ಯಾ.

ಕನಕಪುರದ ಆಸ್ಪತ್ರೆ. ನಿನಗೆ ಅರೆಪ್ರಜ್ಞೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಹುಟ್ಟಿದ ಕೂಸು ಅಳಲಿಲ್ಲ. ನರ್ಸಮ್ಮ ಅದನ್ನು ತಲೆಕೆಳಗಾಗಿ ಹಿಡಿದು ಬೆನ್ನು ತಟ್ಟುತ್ತಿದ್ದಳು. ಮೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಬಾಗಿಲಲ್ಲಿದ್ದೆ, ಒಳಗೆ ಬರಬೇಡಿ ಅನ್ನುತ್ತಿದ್ದರು. ಅಲ್ಲಿಂದಲೇ ಹೇಳಿದೆ: "ಉಸಿರಾಡು ಮಗಳೇ." ಮನುಷ್ಯರ ಮೇಲೆ ಸೊಲ್ಲು ಹಾಕಬಾರದು ಎಂದು ಅಪ್ಪ ನೂರು ಸಲ ಹೇಳಿದ್ದ. ಆ ಹೊತ್ತಿಗೆ ಅಪ್ಪ ಯಾರು, ನಾನು ಯಾರು. ಮಂಚದ ಮೇಲಿಂದ ನಿನ್ನ ಹೂಂ ಕೇಳಿಸಿತು, ಬಾವಿಯ ತಳದಿಂದ ಬಂದ ಹಾಗೆ. ಕೂಸು ಒಮ್ಮೆ ಮೈ ಕೊಡವಿ ಕಿರುಚಿತು. ಆಸ್ಪತ್ರೆಯ ಕಿಟಕಿಯ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು, ಅವು ಎದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಈಗ ಹೇಳು. ಆ ಉಸಿರು ನಿಂತಿರುವುದು ನನ್ನ ಗಂಟಲಿನ ಮೇಲೆ. ಡಾಕ್ಟರು ಕೇಳುತ್ತಿರುವುದು ಅದನ್ನೇ. ಅಪ್ಪ ಹೋದ ದಿನ ಜೇನು ಎದ್ದದ್ದು, ಬಂಡೆ ಹೊರಳಿದ್ದು, ಬಾವಿ ಬತ್ತಿದ್ದು ಕಣ್ಣಾರೆ ಕಂಡವನು ನಾನು. ನನ್ನನ್ನು ಮೇಜಿನ ಮೇಲೆ ಮಲಗಿಸಿ ಕತ್ತರಿ ಹಾಕುವ ಹೊತ್ತಿಗೆ ಹಾರೋಹಳ್ಳಿಯಲ್ಲಿ ನಿನ್ನ ಮಗಳು ಮೆಟ್ಟಿಲ ಮೇಲೆ ಕುಸಿದು ಕೂತರೆ?

ಜಂಭ ಎಂದೆಯಲ್ಲ, ಅದೂ ಸ್ವಲ್ಪ ಇದೆ. ಇಲ್ಲ ಅಂದರೆ ನೀನು ನಂಬುವುದಿಲ್ಲ. ಆದರೆ ಜಂಭಕ್ಕಾಗಿ ಸಾಯುವಷ್ಟು ದಡ್ಡ ವ್ಯಾಪಾರಿ ನಾನಲ್ಲ. ಗಡ್ಡೆ ಹೇಗೂ ಗಂಟಲನ್ನು ತಿನ್ನುತ್ತದೆ, ನಾನು ಹೋದರೂ ದನಿ ಹೋಗುತ್ತದೆ, ಗೊತ್ತು. ಆದರೆ ಕತ್ತರಿ ಹಾಕಿಸದಿದ್ದರೆ ಅವಳಿಗೆ ಇನ್ನೊಂದು ವರ್ಷ ಸಿಗುತ್ತದೆ. ಅಷ್ಟರೊಳಗೆ ಈ ಸೊಲ್ಲನ್ನು ಇನ್ನೊಂದು ಗಂಟಲಿಗೆ ದಾಟಿಸುವವರು ಯಾರಾದರೂ ಸಿಗುತ್ತಾರೇನೋ ಎಂದು ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.

ಅವಳಿಗೆ ಇದನ್ನು ಓದಿ ಹೇಳಬೇಡ.

ಬಾಲು

*

ದೊಡ್ಡಆಲಹಳ್ಳಿ
9 ಆಗಸ್ಟ್ 2024

ಬಾಲು,

ನಿನ್ನ ಕಾಗದ ಹಿಡಿದು ಹುಳುಮನೆಯಲ್ಲಿ ಹೋಗಿ ಕೂತೆ. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದ ಹುಳು ಸೊಪ್ಪು ತಿನ್ನುತ್ತಿದ್ದವು. ಆ ಸೋನೆ ಮಳೆಯಂಥ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

ಈಗ ನಾನು ಬರೆಯುವುದನ್ನು ಅವ್ವ ನನ್ನ ಕೈ ಹಿಡಿದು, ಗಂಡಸರಿಗೆ ಹೇಳಬೇಡ ಎಂದಿದ್ದಳು. ಅವಳಿಗೆ ಅವಳ ಅವ್ವ ಹೇಳಿದ್ದಂತೆ. "ಅವ್ರಿಗೆ ಗೊತ್ತಾಗ್ಬುಟ್ರೆ ಸೊಲ್ಲು ಹೇಳುವಾಗ ದನಿ ನಡುಗ್ತದೆ ಕಣೆ. ಬುಡು, ತಮ್ದೇ ಅನ್ಕಂಡಿರ್ಲಿ."

ಅಪ್ಪ ಹೋದದ್ದು ಬೆಳಿಗ್ಗೆ. ಎಲ್ಲ ಬಿಚ್ಚಿಕೊಂಡದ್ದು ಸಂಜೆ. ಇಷ್ಟು ಲೆಕ್ಕ ಹಾಕುವ ಮನುಷ್ಯ ನೀನು, ಗಂಟಲು ನಿಂತ ಮೇಲೂ ಮಧ್ಯದ ಒಂದು ಹಗಲು ಜೇನು ಸೂರಿನಲ್ಲೇ ಯಾಕಿತ್ತು, ಬಂಡೆ ಯಾಕೆ ಅಲ್ಲಾಡಲಿಲ್ಲ ಎಂದು ಯಾವತ್ತಾದರೂ ಕೇಳಿಕೊಂಡೆಯಾ?

ನೀನು ಅಂಗಳದಲ್ಲಿದ್ದೆ. ನಾನು ಒಳಗೆ ಅವ್ವನ ಹತ್ತಿರವಿದ್ದೆ. ಮಣ್ಣು ಮಾಡಿ ಬಂದ ಮೇಲೆ ಅವ್ವ ಹಿಂಬಾಗಿಲ ಹೊಸ್ತಿಲ ಮೇಲೆ ಕೂತಳು. ಜೇನಿನ ಕಡೆ ನೋಡಿ, "ಬ್ಯಾಡ, ಓಗ್ರವ್ವ" ಎಂದಳು. ಜೇನು ಎದ್ದಿತು. ಬಂಡೆಯ ಕಡೆ ನೋಡಿ, "ನೀನೂ ದಣಿದಿದ್ದೀಯ, ಬ್ಯಾಡ" ಎಂದಳು. ಬಾವಿಗೂ ಹಾಗೆಯೇ. ಅಪ್ಪ ಹೇಳಿ ತಾನು ಹೂಂ ಎಂದದ್ದನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಗೊಂಡಳು. "ಯಾಕವ್ವಾ?" ಎಂದೆ. "ಅವ್ನ ಮಾತ್ಗಳು ಸುತ್ಲೂ ನಿಂತ್ಕಂಡು ನನ್ನೇ ನೋಡ್ತಾವೆ ಕಣೆ. ಅವ್ನಿಲ್ದೆ ಅವ್ನ ಮಾತ್ನ ಎಂಗೆ ಸಾಕ್ಲಿ?" ಎಂದಳು.

ಸೊಲ್ಲು ಕೂರುವುದು ಹೇಳಿದವರ ಗಂಟಲಿನಲ್ಲಿ ಅಲ್ಲ. ಹೂಂ ಎಂದವರ ಹತ್ತಿರ. ಅವರು ಇರುವ ತನಕ ಇರುತ್ತದೆ, ಅವರೇ ಬಾಯಿಬಿಟ್ಟು ಬೇಡ ಎಂದರೆ ಮಾತ್ರ ಮೊದಲೇ ಬಿಚ್ಚುತ್ತದೆ. ಆ ಮೋಡವನ್ನು ನೀನು ಬಸ್ಸಿನಲ್ಲಿ ಬಂದು ಬಿಚ್ಚಿದೆ ಅಂದುಕೊಂಡಿದ್ದೀಯಲ್ಲ. ನಿನ್ನ ಬಸ್ಸು ಕನಕಪುರ ದಾಟುವುದಕ್ಕೆ ಮುಂಚೆಯೇ ನಾನು ಬೇಡ ಎಂದಾಗಿತ್ತು. ನೀನು ಎದೆಯುಬ್ಬಿಸಿ ಬಂದು ಇಳಿದೆ, ನಿನ್ನದೇ ಅಂದುಕೊಂಡಿರಲಿ ಎಂದು ನಾನು ಬಿಟ್ಟೆ.

ದಿವ್ಯಾ ಉಸಿರಿರುವುದು ನನ್ನ ಹತ್ತಿರ. ನಾನು ಬೇಡ ಎನ್ನುವವಳಲ್ಲ. ಆಪರೇಷನ್ ಮಾಡಿಸಿಕೊ.

ಸರಸಮ್ಮ

*

ರಾಮನಗರ
25 ಆಗಸ್ಟ್ 2024

ಅಕ್ಕಯ್ಯ,

ಮೊದಲು ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಾನು ನಿನ್ನನ್ನು ನಂಬಲಿಲ್ಲ. ತಮ್ಮನನ್ನು ಉಳಿಸಿಕೊಳ್ಳಲು ಅಕ್ಕ ಎಂಥ ಕಥೆಯನ್ನಾದರೂ ಬರೆಯುತ್ತಾಳೆ, ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಮಗಳನ್ನು ಪಣಕ್ಕಿಟ್ಟು ತಮ್ಮನನ್ನು ಕೇಳುತ್ತಿದ್ದಾಳೆ ಅನ್ನಿಸಿತು. ಸರಕನ್ನು ಮುಟ್ಟಿ ನೋಡದೆ ಒಪ್ಪಿದವನಲ್ಲ ನಾನು.

ಆದರೆ ಆ ಹಗಲು ನನ್ನನ್ನು ಬಿಡಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಜೇನು ಸೂರಿನಲ್ಲೇ ಇತ್ತು, ನಿಜ. ಮೂವತ್ತು ವರ್ಷ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಹಾಗಾಗಿ ಇದನ್ನು ಪರೀಕ್ಷಿಸಿ ನೋಡುವುದು ಹೇಗೆಂದು ಯೋಚನೆ ಮಾಡಿದೆ. ಅಪ್ಪನ ಸೊಲ್ಲಿಗೆ ಅವ್ವನಲ್ಲದೆ ಬೇರೆ ಯಾರಾದರೂ ಹೂಂ ಎಂದಿರಬೇಕು, ಅವರು ಇನ್ನೂ ಬದುಕಿರಬೇಕು. ಅಪ್ಪನ ಗಂಟಲಿನಲ್ಲಿ ಕೂತಿದ್ದರೆ ಆ ಸೊಲ್ಲು ಅವನ ಜೊತೆಗೇ ಹೋಗಿರಬೇಕು. ಹೂಂ ಎಂದವರಲ್ಲಿ ಕೂತಿದ್ದರೆ ಇನ್ನೂ ಇರಬೇಕು. ತಲೆಯೊಳಗೆ ಊರೂರು ಸುತ್ತಿ ಬಂದೆ. ಸಿಕ್ಕಿದ್ದು ಕುದೂರು. ನಾವು ಸಣ್ಣವರಿದ್ದಾಗ ಅಲ್ಲಿನ ನರಸಯ್ಯ ಎಂಬವರ ಬಾವಿಯ ನೀರು ಉಪ್ಪಾಗಿ, ಸಿಹಿಯಾಗು ಎಂದು ಸೊಲ್ಲು ಹಾಕಲು ಅಪ್ಪನನ್ನು ಕರೆಸಿದ್ದರು. ನಾನೂ ಹೆಗಲ ಮೇಲೆ ಕೂತು ಹೋಗಿದ್ದೆ. ನರಸಯ್ಯನ ಹೆಂಡತಿ ವರಲಕ್ಷ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಹೂಂ ಎಂದದ್ದು ಮಸುಕಾಗಿ ನೆನಪಿತ್ತು.

ಮೊನ್ನೆ ಮಾಗಡಿ ಬಸ್ಸು ಹಿಡಿದು ಹೋದೆ. ಆಷಾಢದ ಗಾಳಿ ಕಳೆದರೂ ಬಿಸಿಲು ಇನ್ನೂ ಹಾಲಿನಂತೆ ಮಂಕಾಗಿತ್ತು. ಕುದೂರಿನಲ್ಲಿ ಇಳಿದು ಕೇಳಿದರೆ ನರಸಯ್ಯ ಹೋಗಿ ಕಾಲವಾಗಿದೆ. ವರಲಕ್ಷ್ಮಮ್ಮ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತ ಕೂತಿದ್ದರು, ಒಣಗಿದ ಬಾರೆ ಹಣ್ಣಿನಷ್ಟು ಪುಟ್ಟಗೆ. ನನ್ನ ದನಿ ಈಗ ತಗಡು ಕೆರೆದ ಹಾಗಿದೆ, ಅವರಿಗೆ ಕಿವಿ ಮಂದ. ನಾಲ್ಕು ಸಲ ಹೇಳಿದ ಮೇಲೆ ತಿಳಿಯಿತು.

"ಓ, ಸೊಲ್ಲು ಸಿದ್ದಯ್ಯನ ಮಗ್ನೇನಪ್ಪ! ಅವತ್ತು ನಮ್ಮ ಮಾವಿನ್ಕಾಯಿ ಕದ್ದಿದ್ದು ನೀನೇ ಅಲ್ವಾ?"

"ನಾನೇ ಕಣಮ್ಮ. ಬಾವಿ ಎಂಗೈತೆ?"

"ಎಂಗಿರ್ತದೆ? ಐತೆ."

"ನಮ್ಮಪ್ಪ ಸತ್ತಾಗ ನೀರು ಉಪ್ಪಾಗ್ಲಿಲ್ವಾ?"

ಅವರು ಅಲಸಂದೆಕಾಯಿ ಬಿಟ್ಟು ನನ್ನ ಮುಖವನ್ನೇ ನೋಡಿದರು. "ನಿಮ್ಮಪ್ಪ ಸಾಯದ್ಕೂ ನಮ್ಮ ಬಾವಿಗೂ ಏನಪ್ಪ? ಹೂಂ ಅಂದಿರಾಳು ನಾನು. ನಾನಿನ್ನೂ ಕುಂತಿವ್ನಲ್ಲ."

ಬಾವಿಗೆ ಈಗ ಜಾಲರಿ ಹಾಕಿದ್ದಾರೆ, ಮೋಟರು ಇಟ್ಟಿದ್ದಾರೆ. ಮೊಮ್ಮಗಳು ಒಂದು ಚೊಂಬು ನೀರು ತಂದುಕೊಟ್ಟಳು. ಕುಡಿದೆ. ನುಂಗುವುದು ಕಷ್ಟ, ಆದರೂ ಗುಟುಕು ಗುಟುಕಾಗಿ ಕುಡಿದೆ. ಎಳನೀರಿನಷ್ಟು ಸಿಹಿ. ಆ ನೀರಿನೊಳಗೆ ಅಪ್ಪನ ದನಿ ಸಣ್ಣಗೆ, ತಣ್ಣಗೆ ಇತ್ತು ಎಂದು ಬರೆದರೆ ನಗುತ್ತೀಯ. ಇತ್ತು. ಸುತ್ತಲಿನ ತೆಂಗು, ಜಗಲಿ, ಮುದುಕಿ ಎಲ್ಲವೂ ಒಂದು ಗಳಿಗೆ ನೀರಿನ ಕೆಳಗೆ ಇದ್ದಂತೆ ಅಲುಗಿದವು. ಕಣ್ಣಲ್ಲಿ ನೀರು ತುಂಬಿತ್ತು, ಅದಕ್ಕಿರಬಹುದು.

ವಾಪಸ್ಸು ಬಸ್ಸಿನಲ್ಲಿ ನನ್ನಷ್ಟಕ್ಕೆ ನಗು ಬಂತು. ಇಷ್ಟು ವರ್ಷ ಅಂಗಡಿ ನನ್ನದು ಅಂದುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಬೀಗದ ಕೈ ಊರೂರಿನ ಹೆಂಗಸರ ಸೊಂಟದಲ್ಲಿತ್ತು. ಅವರಲ್ಲಿ ಒಬ್ಬರಾದರೂ ಬಾಯಿಬಿಡಲಿಲ್ಲ. ಏನು ಜನವಮ್ಮ ನೀವು!

ಬೆಂಗಳೂರಿಗೆ ಹೋಗಿ ಒಪ್ಪಿ ಬಂದೆ. ಸೆಪ್ಟೆಂಬರ್ ಹದಿನೆಂಟಕ್ಕೆ ಎಂದಿದ್ದಾರೆ. ಗಡ್ಡೆ ಬೆಳೆದಿದೆ, ತಡ ಮಾಡಿದಿರಿ ಎಂದು ಬಯ್ದರು. ತೆಗೆದರೂ ಉಳಿಯುತ್ತೇನೆ ಎಂದು ಈಗ ಗಟ್ಟಿಯಾಗಿ ಹೇಳುತ್ತಿಲ್ಲ. ಡಾಕ್ಟರ ಬಾಯಿಯಿಂದ ಒಂದು ಗಟ್ಟಿ ಮಾತು ಹೊರಡಿಸಲು ನನ್ನ ವಿದ್ಯೆಯನ್ನೆಲ್ಲ ಹಾಕಿದೆ, ಜಗ್ಗಲಿಲ್ಲ.

ನೀನು ಬಾ. ಒಂದು ಕೊನೆಯ ಸೊಲ್ಲು ಉಳಿದಿದೆ. ಏನು ಹೇಳುವುದೆಂದು ಹಗಲೆಲ್ಲ ಯೋಚಿಸುತ್ತೇನೆ. ನಿನ್ನ ಮನೆಯ ಹುಳುಗಳಿಗೆ ಹೇಳಲೇ, ರಾಮನಗರದ ಬೆಟ್ಟಗಳಿಗೆ ಹೇಳಲೇ, ಯಾವುದಕ್ಕೂ ಮನಸ್ಸು ನಿಲ್ಲುತ್ತಿಲ್ಲ. ಇನ್ನೊಂದು ಚಿಂತೆ: ದಿವ್ಯಾಳದು ನಿನ್ನ ಹತ್ತಿರ ಇದೆ, ಸರಿ. ನಿನ್ನ ನಂತರ?

ಬಾಲು

*

ದೊಡ್ಡಆಲಹಳ್ಳಿ
1 ಸೆಪ್ಟೆಂಬರ್ 2024

ಬಾಲು,

ನನ್ನನ್ನು ನಂಬದೆ ಕುದೂರಿನ ಮುದುಕಿಯನ್ನು ನಂಬಿದೆ. ಇರಲಿ, ಒಟ್ಟಿನಲ್ಲಿ ಒಪ್ಪಿದೆಯಲ್ಲ.

ಹದಿನೇಳಕ್ಕೇ ಬರುತ್ತೇವೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು. ಬೆಟ್ಟಕ್ಕೆ ಹೇಳುವುದೇನೂ ಇಲ್ಲ, ಅವು ಚೆನ್ನಾಗಿವೆ.

ನಿನ್ನ ಮಾತು ಮೀರಿ ದಿವ್ಯಾಳಿಗೆ ಎಲ್ಲವನ್ನೂ ಓದಿ ಹೇಳಿದೆ. ನನ್ನ ನಂತರ ಏನು ಎಂದು ನೀನು ಕೇಳಿದ್ದನ್ನೂ ಓದಿದೆ. ಅದಕ್ಕೆ ಉತ್ತರ ತಾನೇ ಬರೆಯುತ್ತೇನೆ ಎಂದು ಪೆನ್ನು ಕಿತ್ತುಕೊಂಡಳು.

ಸರಸಮ್ಮ

ಮಾವ, ನಾನು ದಿವ್ಯಾ. ಇಪ್ಪತ್ತೊಂದು ವರ್ಷದಿಂದ ಉಸಿರು ಎಳೆದು ಬಿಡುವ ಕೆಲಸವನ್ನು ನಾನೇ ಮಾಡುತ್ತಿದ್ದೇನೆ, ಕ್ರೆಡಿಟ್ ಮಾತ್ರ ನೀವಿಬ್ಬರೂ ಹಂಚಿಕೊಂಡಿದ್ದೀರಿ. ನಿನ್ನೆ ಅವ್ವನನ್ನು ಎದುರಿಗೆ ಕೂರಿಸಿಕೊಂಡು, ನೀನು ಅವತ್ತು ಹೇಳಿದ್ದನ್ನೇ ಹೇಳಿಸಿದೆ. ಹೂಂ ನಾನೇ ಅಂದೆ. ಇನ್ನು ನನ್ನ ಉಸಿರು ನನ್ನ ಹತ್ತಿರವೇ ಇದೆ. ನೀನು ನಿನ್ನದು ನೋಡಿಕೊ.

*

ರಾಮನಗರ
20 ಅಕ್ಟೋಬರ್ 2024

ಅಕ್ಕಯ್ಯ,

ತಾಹೇರಾಳ ಮನೆಯ ಮಹಡಿಯಿಂದ ಬರೆಯುತ್ತಿದ್ದೇನೆ. ಇಲ್ಲಿಂದ ಬೆಟ್ಟಗಳು ಕಾಣುತ್ತವೆ. ಮಂಜಿನಲ್ಲಿ ಅವು ಬಂಡೆಯಂತಿಲ್ಲ, ತಲೆ ಬಾಗಿಸಿ ಕಿವಿಗೊಟ್ಟು ಕೂತ ಮುದುಕರಂತಿವೆ. ಇಷ್ಟು ವರ್ಷ ನಾನು ಮಾತಾಡುತ್ತಲೇ ಇದ್ದೆನಲ್ಲ, ಅವು ಕೇಳಿಸಿಕೊಳ್ಳುವವು ಎಂದು ತಿಳಿಯಲೇ ಇಲ್ಲ.

ಈಗ ಕುತ್ತಿಗೆಯಲ್ಲಿರುವ ತೂತಿನಿಂದ ಉಸಿರಾಡುತ್ತೇನೆ. ಸೀನಿದರೂ ಸದ್ದಿಲ್ಲ, ನಕ್ಕರೂ ಸದ್ದಿಲ್ಲ. ಮಾರುಕಟ್ಟೆಗೆ ಒಮ್ಮೆ ಹೋಗಿ ಬಂದೆ. ಟೀ ತರಿಸಿಕೊಟ್ಟರು. ನಾನು ಸುಮ್ಮನೆ ಕೂತಿದ್ದಕ್ಕೋ ಏನೋ, ಎಲ್ಲರೂ ತಮ್ಮ ಮನೆಯ ಸಂಗತಿ ನನಗೆ ಹೇಳಲು ಬಂದರು. ಜನ ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮೊದಲೆಲ್ಲ ಅವರಿಗೆ ಜಾಗವೇ ಕೊಟ್ಟಿರಲಿಲ್ಲ.

ಆಪರೇಷನ್ನಿನ ಆ ಬೆಳಿಗ್ಗೆ ನೀನು ಅಲ್ಲೇ ಇದ್ದೆ, ಆದರೂ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿನಗೆ ಗೊತ್ತಿಲ್ಲ. ಕೊನೆಯ ಸೊಲ್ಲೊಂದನ್ನು ಕಟ್ಟಿಕೊಂಡು ಬಂದಿದ್ದೆ, ಬಹಳ ಚೆಂದವಾಗಿತ್ತು, ಈಗ ಮರೆತುಹೋಗಿದೆ. ಗಾಲಿ ಮಂಚ ಹೊರಡುವ ಹೊತ್ತಿಗೆ ಬಾಯಿ ತೆರೆದೆ. ನೀನು ಅಂಗೈಯಿಂದ ನನ್ನ ಬಾಯಿ ಮುಚ್ಚಿದೆ. ನಿನ್ನ ಕೈ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹೊಡೆಯುತ್ತಿತ್ತು.

"ನೀನ್ ಆಡಿದ್ದು ಸಾಕು ಕಣ್ಲಾ. ಈ ಸಲ ನಾನ್ ಏಳ್ತೀನಿ," ಎಂದೆ. ಆಮೇಲೆ ಬಗ್ಗಿ, ಒಂದೇ ಉಸಿರಿನಲ್ಲಿ, "ನನಗಿಂತ ಮುಂಚೆ ನೀನು ಓಗಂಗಿಲ್ಲ" ಎಂದೆ. ಮನುಷ್ಯರ ಮೇಲೆ ಸೊಲ್ಲು ಹಾಕಬಾರದು ಎಂದು ನೆನಪಿಸಲು ಹೊರಟೆ. ದಿವ್ಯಾ ಆ ಕಡೆಯಿಂದ, "ಮಾವ, ದನಿ ಆರೋಯ್ತದೆ, ಬೇಗ ಹೂಂ ಅನ್ನು" ಎಂದಳು. ನರ್ಸಮ್ಮ ಮಂಚ ತಳ್ಳುತ್ತಿದ್ದಳು. ಮೇಲಿನ ದೀಪಗಳು ಒಂದೊಂದಾಗಿ ಹಿಂದಕ್ಕೆ ತೇಲುತ್ತಿದ್ದವು.

ಹುಟ್ಟಿದಾಗಿನಿಂದ ಯಾರ ಮಾತಿಗೂ ಹೂಂ ಎಂದವನಲ್ಲ ನಾನು. ಅದು ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ. ತುಟಿಯನ್ನೂ ತೆರೆಯಬೇಕಾಗಿಲ್ಲ. ಅಂದೆ. ಎದೆಯೊಳಗೆ ಯಾರೋ ಬಂದು ಚಾಪೆ ಹಾಸಿ ಕೂತ ಹಾಗಾಯಿತು. ನನ್ನ ಗಂಟಲು ಮಾಡಿದ ಕೊನೆಯ ಸದ್ದು ಅದೇ.

ಎಚ್ಚರವಾದಾಗ ಮೊದಲು ನೋಡಿದ್ದು ಪಕ್ಕದ ಕುರ್ಚಿಯನ್ನು. ದಿವ್ಯಾ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ಒಸಿ ತೆರೆದಿತ್ತು. ದುಪಟ್ಟಾದ ಅಂಚು ಮೇಲಕ್ಕೆ ಹೋಗಿ ಕೆಳಕ್ಕೆ ಬರುತ್ತಿತ್ತು. ಎಷ್ಟು ಹೊತ್ತು ನೋಡಿದೆನೋ. ಬೇರೆ ಏನನ್ನೂ ನೋಡಬೇಕೆನಿಸಲಿಲ್ಲ.

ನಿನ್ನೆ ಡಾಕ್ಟರು ಪರೀಕ್ಷೆ ಮಾಡಿ, ಸದ್ಯಕ್ಕೆ ಚೆನ್ನಾಗಿದೆ, ಮುಂದಿನದನ್ನು ನಾವು ಈಗಲೇ ಹೇಳಲಾಗುವುದಿಲ್ಲ ಎಂದರು. ಪಾಪ, ಅವರಿಗೆ ಗೊತ್ತಿಲ್ಲ. ನಾನು ಸ್ಲೇಟಿನ ಮೇಲೆ ಬರೆದು ತೋರಿಸೋಣವೆಂದುಕೊಂಡೆ, ಬಿಟ್ಟೆ. ನಿನಗೇ ಬರೆಯುತ್ತೇನೆ. ನೀನು ಹೇಳಿದೆ, ನಾನು ಹೂಂ ಎಂದೆ, ಸೊಲ್ಲು ನನ್ನ ಹತ್ತಿರ ಕೂತಿದೆ. ಅದನ್ನು ಬಿಚ್ಚಬೇಕಾದರೆ ನಾನೇ ಬಾಯಿಬಿಟ್ಟು ಬೇಡ ಎನ್ನಬೇಕು. ಅನ್ನಲು ನನ್ನ ಹತ್ತಿರ ದನಿಯೇ ಇಲ್ಲ.

ಹಾಗಾಗಿ ಅಕ್ಕಯ್ಯ, ಬೇರೆ ದಾರಿಯಿಲ್ಲ. ಬದುಕುತ್ತೇನೆ.

ಬಾಲು